ಹಿಂದೆ ಬಂದು ನಿಂತವರು

ತೀರ್ಥಹಳ್ಳಿ
ಪುನರ್ವಸು ಮಳೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಮೇಲ್ ಬಂದು ಎಂಟು ದಿನ ಆಯಿತು. ಉತ್ತರ ಬರೆಯೋಣ ಅಂತ ಮೂರು ಸಲ ಕೂತೆ, ಮೂರು ಸಲವೂ ಎದ್ದು ತೋಟಕ್ಕೆ ಹೋದೆ. ರೂಮು, ಊಟ, ಬಸ್ಸು ಎಲ್ಲವನ್ನೂ ದೊಡ್ಡಮ್ಮನಿಗೆ ಓದಿ ಹೇಳಿದೆ. ಒಂದು ಸಾಲನ್ನು ಮಾತ್ರ ಬಿಟ್ಟೆ. ಅವಳಿಗೆ ಅದು ಅರ್ಥವಾಗುತ್ತಿರಲಿಲ್ಲ ಅಂತಲ್ಲ. ಗಟ್ಟಿಯಾಗಿ ಓದುವುದಕ್ಕೆ ನನಗೇ ಆಗಲಿಲ್ಲ.

"ಯಾರಾದರೂ ಹಿಂದೆ ಬಂದು ನಿಂತರೆ ನನ್ನ ಕೈ ತಾನಾಗಿಯೇ ಸ್ಕ್ರೀನಿನ ಕಿಟಕಿ ಮುಚ್ಚಿಬಿಡುತ್ತೆ ದೊಡ್ಡಪ್ಪ. ನಾನು ಕೋಡನ್ನು ನ್ಯಾನೋದಲ್ಲಿ ಬರೀತೀನಿ ಅಂತ ಅವರಿಗೆ ಗೊತ್ತಾಗಬಾರದು."

ಸಾಲಿನ ಕೊನೆಗೆ ಒಂದು ನಗುವ ಮುಖ ಹಾಕಿದ್ದೀಯ. ನನಗೆ ನಗು ಬರಲಿಲ್ಲ ಪುಟ್ಟಿ. ಅವತ್ತಿನಿಂದ ರಾತ್ರಿ ಎಚ್ಚರವಾದಾಗಲೆಲ್ಲ ನಿನ್ನ ಆ ಕೈಯೇ ಕಣ್ಣ ಮುಂದೆ ಬರುತ್ತದೆ. ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಬೆಚ್ಚಿ ಕಿಟಕಿ ಮುಚ್ಚುವ ಕೈ. ಚಿಕ್ಕವಳಿದ್ದಾಗ ನೀನು ಹೆಬ್ಬಾಗಿಲ ಮೆಟ್ಟಿಲ ಮೇಲೆ ಕೂತು ಚಿತ್ರ ಬರೆಯುತ್ತಿದ್ದೆ. ಯಾರು ಬಂದರೂ ಪುಸ್ತಕ ಮುಚ್ಚುತ್ತಿರಲಿಲ್ಲ, ಎತ್ತಿ ತೋರಿಸುತ್ತಿದ್ದೆ. ಅದೇ ಕೈ ಅಲ್ವಾ ಇದು?

ನಿಮ್ಮ ಆಫೀಸಿನ ಎರಡು ಗುಂಪಿನ ಬಗ್ಗೆ ಬರೆದಿದ್ದೀಯ. ವಿಮ್‌ನವರು ಒಂದು ಕಡೆ, ಇಮ್ಯಾಕ್ಸ್‌ನವರು ಇನ್ನೊಂದು ಕಡೆ. ಎರಡೂ ನಿನ್ನ ನ್ಯಾನೋದ ಹಾಗೆ ಕೋಡ್ ಬರೆಯುವ ಎಡಿಟರ್‌ಗಳೇ. ಊಟಕ್ಕೆ ಕೂತಾಗಲೂ ಅದೇ ಮಾತು, ಮೌಸ್ ಮುಟ್ಟುವವರನ್ನು ಕಂಡರೆ ಎರಡೂ ಗುಂಪು ಸೇರಿ ನಗುತ್ತವೆ ಅಂದಿದ್ದೀಯ. ಈ ಜಗಳ ನನಗೆ ಹೊಸದಲ್ಲ. ನಿನ್ನ ವಯಸ್ಸಿಗಿಂತ ಹಳೆಯದು, ನನ್ನ ಕೆಲಸಕ್ಕಿಂತಲೂ ಹಳೆಯದು. ಎರಡರ ಹುಟ್ಟೂ 1976. ಬರ್ಕ್ಲಿಯಲ್ಲಿ ಬಿಲ್ ಜಾಯ್ ನಿಮ್ಮ ವಿಮ್‌ಗೆ ಮೂಲವಾದ ವಿಐ ಬರೆದರು. ಅದೇ ವರ್ಷ ಎಂಐಟಿಯ ಲ್ಯಾಬಿನಲ್ಲಿ ರಿಚರ್ಡ್ ಸ್ಟಾಲ್‌ಮನ್, ಗೈ ಸ್ಟೀಲ್ ಮುಂತಾದವರು ಸೇರಿ ಇಮ್ಯಾಕ್ಸ್ ಕಟ್ಟಿದರು. ಐವತ್ತು ವರ್ಷದ ಹತ್ತಿರ ಹತ್ತಿರ ಆಗುತ್ತಾ ಬಂತು, ಜನ ಇನ್ನೂ ಗೆರೆ ಎಳೆದುಕೊಂಡು ನಿಂತಿದ್ದಾರೆ.

ಆ ಗೆರೆಯ ಒಂದು ಕಡೆ ನಾನೂ ನಿಂತಿದ್ದೆ. ಸುಮ್ನೆ ನಿಂತಿರಲಿಲ್ಲ.

ಶಿವಮೊಗ್ಗದಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದದ್ದು ನಿನಗೆ ಗೊತ್ತು. ಅಲ್ಲಿ ನಾನು ಹೇಗಿದ್ದೆ ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗಿದ್ದದ್ದು ಡಿಪ್ಲೊಮಾ. ಲೆಕ್ಚರರುಗಳೆಲ್ಲ ಬಿಇ, ಕೆಲವರು ಎಂಟೆಕ್. ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನಲ್ಲಿ ಮಾತು ನಡೆಯುವಾಗ ನಾನು ಟೀ ಲೋಟ ಹಿಡಿದುಕೊಂಡು ಕಿಟಕಿ ಕಡೆ ನೋಡುತ್ತಿದ್ದೆ. ಆದರೆ ಟೈಪಿಂಗ್ ಸೀನಿಯರ್ ಪಾಸಾದ ಬೆರಳು ನನ್ನದು. ಯೂನಿಕ್ಸ್ ಮೆಷಿನ್ ಬಂದ ಮೇಲೆ ವಿಐ ಕಲಿತೆ. ಆರು ತಿಂಗಳಿಗೆ ನನ್ನ ಬೆರಳು ಓಡುವುದನ್ನು ನೋಡುವುದಕ್ಕೆ ಲೆಕ್ಚರರುಗಳೇ ಬಂದು ನಿಲ್ಲುತ್ತಿದ್ದರು. ಇಡೀ ಫೈಲಿನಲ್ಲಿ ಒಂದು ಹೆಸರು ಬದಲಿಸಬೇಕಾ? ನಾನು ಕೋಲನ್ ಒತ್ತಿ ಒಂದು ಸಾಲು ಬರೆದರೆ ಮುಗಿಯಿತು. ಅವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಇದ್ದ ಆಸ್ತಿ ಅದೊಂದೇ. ಅದನ್ನು ಗದ್ದೆಗೆ ಬೇಲಿ ಹಾಕಿದ ಹಾಗೆ ಕಾದೆ.

ಲ್ಯಾಬಿನಲ್ಲಿ ಇನ್ನೊಬ್ಬರಿದ್ದರು, ಘಟ್ಟದ ಕೆಳಗಿನವರು. ಒಂದು ಪತ್ರಿಕೆಯ ಜೊತೆ ಬಂದ ಲಿನಕ್ಸ್ ಸಿಡಿಯಿಂದ ಅವರು ಇಮ್ಯಾಕ್ಸ್ ಹಾಕಿಕೊಂಡರು. ಮೇಲ್ ಅದರಲ್ಲೇ, ಲೆಕ್ಕ ಅದರಲ್ಲೇ, ಡೈರಿ ಅದರಲ್ಲೇ. ಎಂಟು ಎಂಬಿ ಮೆಮೊರಿಯ ಮೆಷಿನ್ ಅದರ ಭಾರಕ್ಕೆ ಏದುಸಿರು ಬಿಡುತ್ತದೆ ಅಂತ ನಾನು ಹುಡುಗರ ಎದುರಿಗೇ ಹೇಳುತ್ತಿದ್ದೆ. ವಿಐಗೆ ಗೊತ್ತಿರುವುದು ಎರಡೇ, ಒಂದು ಬೀಪ್ ಅನ್ನೋದು, ಇನ್ನೊಂದು ಬರೆದದ್ದನ್ನು ಕೆಡಿಸೋದು ಅಂತ ಅವರು ಹೇಳುತ್ತಿದ್ದರು. ಇಂಥ ಮಾತುಗಳು ಆಗ ಎಲ್ಲ ಕಡೆಯೂ ಇದ್ದವು. ಅಮೆರಿಕದಲ್ಲಿ ಸ್ಟಾಲ್‌ಮನ್ ಪಾದ್ರಿಯ ವೇಷ ಹಾಕಿಕೊಂಡು ಇಮ್ಯಾಕ್ಸ್ ಒಂದು ಮಠ ಅನ್ನೋ ಹಾಗೆ ಭಾಷಣ ಮಾಡಿ ನಗಿಸುತ್ತಿದ್ದರು. ಅವರಿಗೆ ಅದು ಆಟ. ನಾವಿಬ್ಬರು ಅದನ್ನು ನಿಜವಾದ ಮಠ ಮಾಡಿಕೊಂಡೆವು. ಎರಡು ವರ್ಷ ಒಟ್ಟಿಗೆ ಟೀ ಕುಡಿಯಲಿಲ್ಲ. ಅವರು ನಿವೃತ್ತರಾದ ದಿನ ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಆ ದಿನ ಮನೆಯಲ್ಲಿ ಏನೂ ಕೆಲಸ ಇರಲಿಲ್ಲ.

ನಿನಗೆ ಹೇಳಬೇಕಾದದ್ದು ಅದಲ್ಲ. ಅದು ಸಮಾನರ ಜಗಳ, ಇಬ್ಬರಿಗೂ ನಾಲಿಗೆ ಇತ್ತು.

1997ರಲ್ಲಿ ನಡೆದದ್ದನ್ನು ಹೇಳಬೇಕು. ಇದನ್ನು ನಿನ್ನಪ್ಪನಿಗೂ ಹೇಳಿಲ್ಲ.

ಹೊಸನಗರದ ಕಡೆಯ ಹುಡುಗ ಒಬ್ಬ ಇದ್ದ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಊರುಗಳಿವೆಯಲ್ಲ, ಅಂಥದೊಂದು ಊರಿನಿಂದ ಎದ್ದು ಬಂದ ಮನೆಯವನು. ಮಾತು ಕಡಿಮೆ. ಕಂಪ್ಯೂಟರ್ ಮುಟ್ಟಿದ್ದು ಕಾಲೇಜಿಗೆ ಬಂದ ಮೇಲೇ. ವಿಐ ಅವನಿಗೆ ಒಗ್ಗಲಿಲ್ಲ. ಬಾಣದ ಗುರುತಿನ ಕೀ ಒತ್ತಿದರೆ ನಮ್ಮ ಟರ್ಮಿನಲ್‌ಗಳಲ್ಲಿ ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಅಂತ ಅಕ್ಷರ ಬೀಳುತ್ತಿದ್ದವು. ಅವನು ಅದನ್ನು ಅಳಿಸೋಕೆ ಹೋಗಿ ಇನ್ನೇನೋ ಅಳಿಸಿಕೊಳ್ಳುತ್ತಿದ್ದ. ಹಾಗಾಗಿ ಲಿನಕ್ಸ್ ಮೆಷಿನ್ ಒಂದರಲ್ಲಿ ಪಿಕೋ ಇರುವುದನ್ನು ತಾನೇ ಹುಡುಕಿಕೊಂಡ. ತಾನೇ ಹುಡುಕಿಕೊಂಡ ಅನ್ನೋದನ್ನು ಗಮನಿಸು ಪುಟ್ಟಿ. ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಈಗ ತಿಳಿಯುತ್ತದೆ.

ಪಿಕೋ ಯಾವುದು ಗೊತ್ತಾ? ನಿನ್ನ ನ್ಯಾನೋದ ಅಣ್ಣ. ಪಿಕೋವನ್ನು ಎಲ್ಲರೂ ಬೇಕಾದ ಹಾಗೆ ತಿದ್ದಿ ಹಂಚುವುದಕ್ಕೆ ಅದರ ಲೈಸೆನ್ಸ್ ಬಿಡುತ್ತಿರಲಿಲ್ಲ. ಅದಕ್ಕೇ 1999ರಲ್ಲಿ ಅದರ ಹಾಗೇ ಕಾಣುವ ಇನ್ನೊಂದನ್ನು ಹೊಸದಾಗಿ ಬರೆದರು. ಅದೇ ನ್ಯಾನೋ. ಅದೇ ಖಾಲಿ ಪರದೆ, ಕೆಳಗೆ ಅದೇ ಎರಡು ಸಾಲು ಸೂಚನೆ, ಹೊರಗೆ ಬರೋಕೆ ಅದೇ ಕಂಟ್ರೋಲ್ ಎಕ್ಸ್. ಈಗ ಗೊತ್ತಾಯಿತಾ ನಿನ್ನ ಒಂದು ಸಾಲು ನನ್ನನ್ನು ಯಾಕೆ ಹೀಗೆ ಹಿಡಿದುಕೊಂಡಿದೆ ಅಂತ?

ಅವತ್ತು ಅವನು ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ಟೈಪ್ ಮಾಡುತ್ತಿದ್ದ. ರೆಕಾರ್ಡ್ ಪುಸ್ತಕ ಎಡಗಡೆ ಇಟ್ಟುಕೊಂಡು, ಎರಡೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ. ಮುಕ್ಕಾಲು ಗಂಟೆಯಿಂದ ಕೂತಿದ್ದ. ನಾನು ಹಿಂದೆ ಹೋಗಿ ನಿಂತೆ. ಕೆಳಗಿನ ಎರಡು ಸಾಲಿನ ಕಡೆ ಬೆರಳು ತೋರಿಸಿ, "ಏನೋ ಇದು, ನೋಡಿಕೊಂಡು ಬರೆಯೋಕೆ ಚೀಟಿ ಅಂಟಿಸಿಕೊಂಡಿದ್ದೀಯ? ಇಂಜಿನಿಯರಿಂಗ್ ಕಾಲೇಜೋ, ಬಾಲವಾಡಿಯೋ?" ಅಂದೆ. ಗಟ್ಟಿಯಾಗಿಯೇ ಅಂದೆ. ಇಡೀ ಬ್ಯಾಚು ನಕ್ಕಿತು.

ಅವನು ತಿರುಗಿ ನೋಡಲಿಲ್ಲ. ಕಿವಿ ಕೆಂಪಾದದ್ದು ಹಿಂದಿನಿಂದ ಕಾಣುತ್ತಿತ್ತು. ಎಡಗೈ ನಿಧಾನಕ್ಕೆ ಕಂಟ್ರೋಲ್ ಮೇಲೆ ಹೋಯಿತು. ಕಂಟ್ರೋಲ್ ಎಕ್ಸ್. ಬದಲಾದದ್ದನ್ನು ಉಳಿಸಬೇಕಾ ಅಂತ ಪಿಕೋ ಕೇಳಿತು. ಪಿಕೋ ಆ ಪ್ರಶ್ನೆಯನ್ನು ಸುಮ್ನೆ ಕೇಳುವುದಿಲ್ಲ, ಬೇಡ ಅಂದರೆ ಬರೆದದ್ದೆಲ್ಲ ನಾಶವಾಗುತ್ತದೆ ಅಂತ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಕೊಟ್ಟು ಕೇಳುತ್ತದೆ. ಅವನೂ ಅದನ್ನು ಓದಿದ, ಹಿಂದೆ ನಿಂತು ನಾನೂ ಓದಿದೆ. ಅವನು ಎನ್ ಒತ್ತಿದ.

ಮುಕ್ಕಾಲು ಗಂಟೆಯ ಕೆಲಸ ಪುಟ್ಟಿ. ನಾನು ನೋಡದೆ ಇರಲಿ ಅಂತ ಅವನು ಅದನ್ನು ಕಳೆದುಕೊಂಡ. ಕಿಟಕಿ ಮುಚ್ಚಿದ.

ಮುಂದಿನ ವಾರ ಅವನು ಬಂದಾಗ ಎಡಗೈ ಅಂಗೈಯಲ್ಲಿ ನೀಲಿ ಇಂಕಿನಲ್ಲಿ ವಿಐ ಕಮಾಂಡ್‌ಗಳನ್ನು ಬರೆದುಕೊಂಡಿದ್ದ. ಡಿಡಿ ಅಂದರೆ ಸಾಲು ಅಳಿಸು, ಯು ಅಂದರೆ ಹಿಂದಕ್ಕೆ, ಹೀಗೆ. ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು. ದಾರಿಗೆ ಬಂದ ಅಂದುಕೊಂಡೆ. ಆ ಖುಷಿಯನ್ನು ನೆನಪಿಸಿಕೊಂಡರೆ ಈಗ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಎಕ್ಸಾಮಿನರ್ ಬಂದಿದ್ದರು, ಅಂಗೈಯಲ್ಲಿ ಬರೆದುಕೊಳ್ಳುವ ಹಾಗಿರಲಿಲ್ಲ. ಅವನು ವಿಐ ಒಳಗೆ ಸಿಕ್ಕಿಹಾಕಿಕೊಂಡ, ಹೊರಗೆ ಬರೋಕೆ ಗೊತ್ತಾಗಲಿಲ್ಲ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕೇಳಲಿಲ್ಲ. ನನ್ನನ್ನು ಹೇಗೆ ಕೇಳುತ್ತಾನೆ? ಆ ಸಲ ಆ ಲ್ಯಾಬಿನಲ್ಲಿ ಅವನು ಫೇಲಾದ.

ವಿಮ್‌ನಿಂದ ಹೊರಗೆ ಬರೋದು ಹೇಗೆ ಅನ್ನೋ ಪ್ರಶ್ನೆ, ಪ್ರೋಗ್ರಾಂ ಬರೆಯುವವರು ಪ್ರಶ್ನೆ ಕೇಳುವ ಸ್ಟ್ಯಾಕ್ ಓವರ್‌ಫ್ಲೋ ಸೈಟಿನಲ್ಲಿದೆ, ನೀನು ನೋಡಿರುತ್ತೀಯ. 2017ರ ಹೊತ್ತಿಗೇ ಅದನ್ನು ಹತ್ತು ಲಕ್ಷಕ್ಕಿಂತ ಜಾಸ್ತಿ ಸಲ ಜನ ತೆರೆದಿದ್ದರು. ಆ ಸುದ್ದಿ ಓದಿದ ದಿನ ನಾನು ಅಡಿಕೆ ಅಂಗಳದಲ್ಲಿ ಫೋನ್ ಹಿಡಿದು ನಿಂತೇ ಇದ್ದೆ. ಹತ್ತು ಲಕ್ಷ. ಅವನೊಬ್ಬನೇ ದಡ್ಡ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆನಲ್ಲ.

ನಿನ್ನ ಭಯದ ಕಡೆಗೇ ಮತ್ತೆ ಬರುತ್ತೇನೆ. ಹಿಂದೆ ನಿಂತವನಿಗೆ ಏನು ಕಾಣುತ್ತದೆ ಅಂತ ನೀನು ಅಂದುಕೊಂಡಿದ್ದೀಯ? ನೀನು ಬರೆದ ಕೋಡ್ ಕಾಣುವುದಿಲ್ಲ. ಅವನು ಅಷ್ಟು ಹೊತ್ತು ನಿಲ್ಲುವುದೇ ಇಲ್ಲ. ನನಗೆ ಆ ಹುಡುಗನ ಪ್ರೋಗ್ರಾಂ ಸರಿ ಇತ್ತೋ ತಪ್ಪಿತ್ತೋ ಇವತ್ತಿಗೂ ಗೊತ್ತಿಲ್ಲ, ನಾನು ಓದಲೇ ಇಲ್ಲ. ಕೆಳಗಿನ ಎರಡು ಸಾಲು ನೋಡಿದೆ, ಬಾಯಿ ತೆರೆದೆ. ನಿಮ್ಮ ಆಫೀಸಿನವರು ಎಲ್ಲರೂ ಹಾಗೆ ಅಂತ ನಾನು ಹೇಳುವುದಿಲ್ಲ, ನಾನು ಅವರನ್ನು ಕಂಡವನಲ್ಲ. ನನ್ನ ಮಟ್ಟಿಗೆ ನಿಜ ಹೀಗಿತ್ತು, ಅಷ್ಟೇ.

ಮತ್ತೆ ಆ ಕೀಗಳ ಬಗ್ಗೆ ನೀನು ಹೆದರಿಕೊಂಡು ಬರೆದಿದ್ದೀಯ. ಎಚ್, ಜೆ, ಕೆ, ಎಲ್ ಒತ್ತಿ ಅವರು ಪರದೆ ತುಂಬ ಓಡಾಡುವುದನ್ನು ನೋಡಿದರೆ ಅವರೇ ಬೇರೆ ಜಾತಿ ಅನ್ನಿಸುತ್ತದೆ ಅಂದಿದ್ದೀಯ. ಆ ಕೀಗಳು ಎಲ್ಲಿಂದ ಬಂದವು ಕೇಳು. ಬಿಲ್ ಜಾಯ್ ವಿಐ ಬರೆದದ್ದು ಎಡಿಎಂ-3ಎ ಅನ್ನೋ ಟರ್ಮಿನಲ್ ಮೇಲೆ. ಅದರಲ್ಲಿ ಬಾಣದ ಕೀ ಬೇರೆ ಇರಲಿಲ್ಲ, ಆ ನಾಲ್ಕು ಅಕ್ಷರದ ಕೀ ಮೇಲೇ ಬಾಣ ಅಚ್ಚು ಹಾಕಿದ್ದರು. ಅದಕ್ಕೆ ಅವು. ಎಸ್ಕೇಪ್ ಕೀ ಈಗ ಟ್ಯಾಬ್ ಇರುವ ಜಾಗದಲ್ಲಿತ್ತು, ಬೆರಳಿಗೆ ಹತ್ತಿರ. ಅದಕ್ಕೆ ವಿಐನಲ್ಲಿ ಅಷ್ಟು ಎಸ್ಕೇಪ್. ಕಮಾಂಡ್‌ಗಳು ಅಷ್ಟು ಗಿಡ್ಡ ಯಾಕೆ? ಅವರ ಮನೆಯ ಮೋಡೆಮ್ 300 ಬಾಡ್. ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆ ಪೂರ್ತಿ ತುಂಬೋಕೆ ಒಂದು ನಿಮಿಷಕ್ಕಿಂತ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಮನೆಯ ನೆಟ್ ಇರುವ ಹಾಗೆ ಅಂದುಕೋ. ಇಮ್ಯಾಕ್ಸ್ ಕಥೆಯೂ ಅದೇ. ಅದು ಬೆಳೆದ ಜಾಗದ ಕೀಬೋರ್ಡಿನಲ್ಲಿ ಕಂಟ್ರೋಲ್ ಕೀ ಸ್ಪೇಸ್ ಬಾರಿನ ಪಕ್ಕದಲ್ಲೇ ಇತ್ತು, ಹೆಬ್ಬೆರಳಿಗೆ ಸಿಗುತ್ತಿತ್ತು. ನಮ್ಮ ಕೀಬೋರ್ಡಿನಲ್ಲಿ ಅದು ಮೂಲೆಗೆ ಹೋಯಿತು. ನಮ್ಮ ಘಟ್ಟದ ಕೆಳಗಿನವರು ಕೊನೆಗೆ ಕಿರುಬೆರಳಿಗೆ ಎಣ್ಣೆ ಹಚ್ಚಿಕೊಂಡು ಬಟ್ಟೆ ಸುತ್ತಿಕೊಂಡು ಬರುತ್ತಿದ್ದರು. ನೋವು ಅಂತ ಒಂದು ದಿನವೂ ಒಪ್ಪಿಕೊಳ್ಳಲಿಲ್ಲ. ನಾನು ಕೇಳಲೂ ಇಲ್ಲ.

ಇಷ್ಟೇ ಪುಟ್ಟಿ. ಯಾರದೋ ಮೇಜಿನ ಮೇಲೆ ಇದ್ದ ಮೆಷಿನ್ನು, ಅವರ ಬೆರಳಿನ ಅಳತೆ. ಅದರಲ್ಲಿ ಮೇಲು ಕೀಳು ಎಲ್ಲಿಂದ ಬಂತು?

ಹಾಗಂತ ವಿಮ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಇವತ್ತಿಗೂ ನನಗೆ ಅದೇ ಬೇಕು. ತೋಟದ ಲೆಕ್ಕ, ಅಡಿಕೆ ಮಂಡಿಯ ಲೆಕ್ಕ ಎಲ್ಲ ಅದರಲ್ಲೇ ಇಟ್ಟಿದ್ದೇನೆ. ಕೈಗೆ ಹತ್ತಿದ್ದು ಬಿಡುವುದಿಲ್ಲ. ಕನ್ನಡ ಬರೆಯುವಾಗಲೂ ಹಾಗೇ. ನುಡಿ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಿ ಒತ್ತಿ ನನಗೆ ರೂಢಿ. ನಿನ್ನಪ್ಪ ಬರಹ ಸಾಫ್ಟ್‌ವೇರಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಕನ್ನಡ ಬರಿಸುತ್ತಾನೆ. ಅವನ ಲ್ಯಾಪ್‌ಟಾಪ್ ಕೊಟ್ಟರೆ ಒಂದು ಸಾಲು ಬರೆಯುವಷ್ಟರಲ್ಲಿ ನನಗೆ ಸಿಟ್ಟು ಬರುತ್ತದೆ. ಇಷ್ಟ ಇರುವುದು ತಪ್ಪಲ್ಲ. ನನ್ನ ಕೈಗೆ ಹಿತವಾದದ್ದನ್ನು ಇನ್ನೊಬ್ಬರ ಯೋಗ್ಯತೆ ಅಳೆಯುವ ಕೊಳಗ ಮಾಡಿಕೊಂಡೆನಲ್ಲ, ಅದು ತಪ್ಪು.

ಅಡಿಕೆ ಸುಲಿಯೋಕೆ ನಮ್ಮಲ್ಲಿಗೆ ಬರುತ್ತಿದ್ದ ಆ ಅಜ್ಜಿ ನೆನಪಿದೆಯಾ? ಮೆಟ್ಟುಗತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದಳಲ್ಲ. ಒಂದು ವರ್ಷ ನಾನು ತೀರ್ಥಹಳ್ಳಿಯಿಂದ ಹೊಸ ಕತ್ತಿಗಳನ್ನು ತಂದು ಸಾಲಾಗಿ ಇಟ್ಟಿದ್ದೆ. ಅವಳು ಒಂದನ್ನು ಕೈಯಲ್ಲಿ ಹಿಡಿದು ನೋಡಿ, ಅಲಗಿಗೆ ಹೆಬ್ಬೆರಳು ತಾಗಿಸಿ, ವಾಪಸ್ ಇಟ್ಟಳು. "ನಂಗೆ ನಂದೇ ಆಯ್ತದೆ ಅಯ್ಯಾ" ಅಂದಳು. ಅವಳ ಕತ್ತಿ ಮಸೆದೂ ಮಸೆದೂ ಸವೆದು ಬಾಗಿತ್ತು. ಮಣೆಯಲ್ಲಿ ಅವಳ ಕಾಲಿನ ಗುರುತು ಬಿದ್ದಿತ್ತು. ಪಕ್ಕದಲ್ಲಿ ಕೂತವಳದ್ದು ಬೇರೆ ಥರ, ಅವಳ ಸೊಸೆಯದ್ದು ಇನ್ನೊಂದು ಥರ. ರಾತ್ರಿ ಹತ್ತು ಗಂಟೆಯವರೆಗೂ ಚಪ್ಪರದಡಿ ಕೂತು ಸುಲಿಯುವಾಗ ಊರ ಸುದ್ದಿಯೆಲ್ಲ ಬರುತ್ತಿತ್ತು, ಕತ್ತಿಯ ಸುದ್ದಿ ಬರುತ್ತಿರಲಿಲ್ಲ. ಡಬ್ಬ ಎಣಿಸುವಾಗ ಮಾತ್ರ ಎಲ್ಲರ ಕಣ್ಣೂ ಪಕ್ಕದವಳ ಡಬ್ಬದ ಮೇಲೆ ಇರುತ್ತಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಪೈಪೋಟಿ ಅಲ್ಲೂ ಇತ್ತು. ಆದರೆ ಯಾರೂ ತಮ್ಮ ಕತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ನೀನು ಮುಚ್ಚಿಕೊಳ್ಳುತ್ತಿದ್ದೀಯ. ನನ್ನ ನಿದ್ದೆ ಕೆಡಿಸುವುದು ಅದೇ.

ಇವತ್ತು ಒಂದು ಕಿಟಕಿ ಮುಚ್ಚುತ್ತೀಯ. ನಾಳೆ ಮೀಟಿಂಗಿನಲ್ಲಿ ಪ್ರಶ್ನೆ ಬಂದರೆ ಬಾಯಿ ಮುಚ್ಚುತ್ತೀಯ. ಗೊತ್ತಿಲ್ಲದ್ದನ್ನು ಕೇಳುವುದಿಲ್ಲ. ಆ ಹುಡುಗ ಹಾಗೇ ಆದ. ಮೊದಲ ವರ್ಷ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು ಆಮೇಲೆ ಗೋಡೆಗೆ ಒರಗಿದ ಮೆಷಿನ್ನೇ ಹುಡುಕುತ್ತಿದ್ದ, ಹಿಂದೆ ಯಾರೂ ಬರೋಕಾಗದ ಹಾಗೆ. ನೀನು ಇನ್ನೂ ಜಾಗ ಬದಲಿಸಿಲ್ಲ ಅಲ್ವಾ? ಇದೊಂದಕ್ಕೆ ತಪ್ಪದೆ ಉತ್ತರ ಬರೆ.

ಏನು ಮಾಡಬೇಕು ಅಂತ ಕೇಳಿದ್ದೀಯ. ನಾನು ಬಿಟ್ಟು ಬಂದು ಎಷ್ಟೋ ವರ್ಷ ಆಯಿತು, ನನ್ನ ಮಾತು ಈಗ ನಡೆಯುತ್ತದೋ ಇಲ್ಲವೋ. ತೋಚಿದ್ದನ್ನು ಬರೆಯುತ್ತೇನೆ, ಬೇಡದ್ದನ್ನು ಬಿಟ್ಟುಬಿಡು.

ನ್ಯಾನೋವನ್ನೇ ಇನ್ನಷ್ಟು ಚೆನ್ನಾಗಿ ಕಲಿ. ಆಲ್ಟ್ ಜೊತೆ ಯು ಒತ್ತಿದರೆ ಮಾಡಿದ್ದು ಹಿಂದಕ್ಕೆ ಹೋಗುತ್ತದೆ. ಸಾಲಿನ ನಂಬರ್, ಕೋಡಿಗೆ ಬಣ್ಣ ಎಲ್ಲ ಬರಿಸಬಹುದು. ಅದನ್ನು ಬಳಸುವವರೇ ತುಂಬ ಜನ ಇದನ್ನು ನೋಡಿರುವುದಿಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಕಮಿಟ್ ಮಾಡುವಾಗ ಇದ್ದಕ್ಕಿದ್ದ ಹಾಗೆ ವಿಮ್ ತೆರೆದುಕೊಂಡು ಗಾಬರಿಯಾಯಿತು ಅಂದಿದ್ದೆಯಲ್ಲ, ನಿನ್ನ ಎಡಿಟರ್ ಯಾವುದು ಅಂತ ಗಿಟ್‌ಗೆ ಒಂದು ಸಲ ಹೇಳಿಟ್ಟರೆ ಮತ್ತೆ ಅದು ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನೀನು ವಿಎಸ್ ಕೋಡ್ ಅನ್ನೋ ಎಡಿಟರ್ ಬಳಸುತ್ತೀಯ. ಸರ್ವರಿನ ಫೈಲನ್ನು ಅದರಿಂದಲೇ ತೆರೆಯುವ ದಾರಿಯೂ ಇದೆ ಅಂತ ಓದಿದೆ, ನಿನಗೇ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ವಿಎಸ್ ಕೋಡ್ ಬಳಸಿದರೆ ನಗುತ್ತಾರೆ ಅನ್ನೋದು ಮಾತ್ರ ನನಗೆ ಅರ್ಥವಾಗಲಿಲ್ಲ. ಅದು ಬಂದದ್ದೇ 2015ರಲ್ಲಿ. 2023ರ ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜನ ಅದನ್ನು ಬಳಸುತ್ತೇವೆ ಅಂದಿದ್ದಾರೆ. ಹೆಚ್ಚು ಜನ ಬಳಸುತ್ತಾರೆ ಅನ್ನೋದು ಒಂದು ದೊಡ್ಡ ಸಮಾಧಾನ ಅಲ್ಲ, ಗೊತ್ತು. ಭಯ ಲೆಕ್ಕ ಕೇಳುವುದಿಲ್ಲ. ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ ಬಳಸುವುದು ಮೈಕ್ರೋಇಮ್ಯಾಕ್ಸ್ ಅನ್ನೋ ಒಂದು ಸಣ್ಣ ಹಳೆಯ ಎಡಿಟರ್. ಕಾಲೇಜಿನ ಕಾಲದಿಂದ ಕೈಗೆ ಹತ್ತಿದ್ದು, ಅದನ್ನೇ ತಿದ್ದಿ ತೀಡಿ ಇಟ್ಟುಕೊಂಡಿದ್ದಾರೆ. ಇದೂ ಆ ಅಜ್ಜಿಯ ಕತ್ತಿಯೇ.

ವಿಮ್ ಸ್ವಲ್ಪ ಕಲಿತಿರು ಅಂತ ಹೇಳಲಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಹೇಳಿದರೆ ಹಿಂದೆ ನಿಂತು ಹೇಳಿದ ಹಾಗೆ ಕೇಳಿಸಬಹುದು. ಆದರೂ ಹೇಳುತ್ತೇನೆ. ಅವರಿಗೆ ಹೆದರಿ ಅಲ್ಲ. ಯಾವುದೋ ಸರ್ವರಿನಲ್ಲಿ ನ್ಯಾನೋ ಇಲ್ಲದೆ ಹೋದರೆ ನೀನು ಒಬ್ಬಳೇ ಪರದಾಡಬಾರದು, ಅದಕ್ಕೆ. ವಿಮ್‌ಟ್ಯೂಟರ್ ಅಂತ ಅದರ ಜೊತೆಗೇ ಬರುತ್ತದೆ, ಅರ್ಧ ಗಂಟೆಯ ಪಾಠ. ಒಂದು ಭಾನುವಾರ ರೂಮಿನಲ್ಲಿ ಕೂತು ಮಾಡು. ಇಷ್ಟವಾಗದಿದ್ದರೆ ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್. ಇದನ್ನು ಆ ಹುಡುಗನಿಗೆ ಹೇಳಿಕೊಡೋಕೆ ನನಗೆ ಹತ್ತು ಸೆಕೆಂಡು ಬೇಕಾಗಿತ್ತು.

ವಿಮ್ ಬರೆದವರು ಬ್ರಾಮ್ ಮೊಲೆನಾರ್, ನೆದರ್ಲೆಂಡ್ಸಿನವರು. 1988ರಲ್ಲಿ ಅಮಿಗಾ ಅನ್ನೋ ತಮ್ಮ ಮೆಷಿನ್ನಿಗೆ ಅಂತ ಶುರು ಮಾಡಿ, 1991ರಲ್ಲಿ ಎಲ್ಲರಿಗೂ ಕೊಟ್ಟರು. ದುಡ್ಡು ಕೇಳಲಿಲ್ಲ. ಆಮೇಲೆ ಉಗಾಂಡದ ಕಿಬಾಲೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಬಂದರು. ಅಲ್ಲಿಯ ಮಕ್ಕಳಿಗೆ ಆದಷ್ಟು ಕೊಡಿ ಅಂದರು. ಫೈಲ್ ಹೆಸರು ಕೊಡದೆ ವಿಮ್ ತೆರೆದರೆ ಆ ಮಾತು ಪರದೆಯ ನಡುವೆ ಕಾಣುತ್ತದೆ, ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಅಂತ. ವರ್ಷಗಟ್ಟಲೆ ನಾನು ಅದನ್ನು ದಿನಾ ನೋಡಿದೆ. ನೋಡಿ, ಕೀ ಒತ್ತಿ, ಮುಂದೆ ಹೋದೆ. 2023ರ ಆಗಸ್ಟಿನಲ್ಲಿ ಅವರು ತೀರಿಕೊಂಡರು ಅಂತ ಓದಿದಾಗ ಆ ಸಾಲನ್ನು ಮತ್ತೆ ತೆರೆದು ಓದಿದೆ. ಎಷ್ಟು ಹೊತ್ತು ಕೂತಿದ್ದೆನೋ, ದೊಡ್ಡಮ್ಮ ಬಂದು ದೀಪ ಹಾಕಿದಳು.

ಆ ಹುಡುಗನನ್ನು ಒಂದು ಸಲ ಕಂಡೆ, 2011ರಲ್ಲಿ. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಬೈಕ್ ನಿಲ್ಲಿಸಿ ಇಳಿದು ಬಂದ. ಹೊಟ್ಟೆ ಬಂದಿತ್ತು, ಕೂದಲು ತೆಳ್ಳಗಾಗಿತ್ತು. "ಸಾರ್, ಗುರುತು ಸಿಕ್ಕಿತಾ?" ಅಂದ. ಗುರುತು ಸಿಗದೆ ಇರುತ್ತದಾ? ನೀರೆತ್ತುವ ಪಂಪುಗಳ ಅಂಗಡಿ ಇಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತಿದೆ ಅಂದ. ತೋಟಕ್ಕೆ ಪಂಪು ಬೇಕಾದರೆ ಹೇಳಿ ಸಾರ್ ಅಂದ. ಕಂಪ್ಯೂಟರ್ ಕೆಲಸಕ್ಕೆ ಹೋಗಲಿಲ್ಲವಾ ಅಂತ ಕೇಳಿದೆ. "ಅದು ನನಗೆ ಆಗಿ ಬರಲಿಲ್ಲ ಸಾರ್" ಅಂದು ನಕ್ಕ. ನಗುವಾಗ ಕಿವಿ ಕೆಂಪಾಯಿತು.

ಅವತ್ತೇ ಹೇಳಬೇಕಾಗಿತ್ತು. ನಾಲಿಗೆ ತುದಿಯವರೆಗೂ ಬಂತು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸು ಇನ್ನೊಂದು ಅರ್ಧ ಗಂಟೆಗೆ ಇರುತ್ತಿತ್ತು ಪುಟ್ಟಿ, ಆದರೂ ಹತ್ತಿ ಕೂತೆ. ಕಿಟಕಿಯಿಂದ ನೋಡಿದರೆ ಅವನು ಕೈ ಎತ್ತಿ ನಿಂತಿದ್ದ. ನಿನ್ನ ಮೇಲ್ ಬಂದ ಮೇಲೆ ಅವನ ಅಂಗಡಿಯ ನಂಬರ್ ಹುಡುಕಿ ಇಟ್ಟುಕೊಂಡಿದ್ದೇನೆ. ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಶಿವಮೊಗ್ಗಕ್ಕೆ ಹೋಗಬೇಕು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಕಿಟಕಿ ಮುಚ್ಚಬೇಡ ಅಂತ ನಿನಗೆ ಹೇಳುವುದು ಸುಲಭ. ಕೈ ಬುದ್ಧಿಯ ಮಾತು ಕೇಳುವುದಿಲ್ಲ, ತಾನಾಗಿ ಮುಚ್ಚುತ್ತೆ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಒಂದು ಮಾಡು. ಮುಚ್ಚುವ ಮೊದಲು ಕಂಟ್ರೋಲ್ ಓ ಒತ್ತಿ ಉಳಿಸು. ಬರೆದದ್ದು ಹೋಗಬಾರದು. ಮಿಕ್ಕದ್ದು ನಿಧಾನಕ್ಕೆ ಆಗಲಿ. ನಿಮ್ಮ ಆಫೀಸಿನಲ್ಲಿ ನಗದವರು ಒಬ್ಬರಾದರೂ ಇರುತ್ತಾರೆ. ಅವರ ಪಕ್ಕಕ್ಕೆ ನೀನೇ ಕುರ್ಚಿ ಎಳೆದುಕೊಂಡು ಹೋಗಿ, ಇದನ್ನು ನೀವು ಹೇಗೆ ಮಾಡುತ್ತೀರಿ ಅಂತ ಕೇಳು. ಹಿಂದೆ ನಿಂತು ಕೇಳಬೇಡ, ಪಕ್ಕದಲ್ಲಿ ಕೂತು ಕೇಳು. ಇದು ನಡೆಯುವ ಮಾತೋ ಅಲ್ಲವೋ ನನಗೆ ಗೊತ್ತಿಲ್ಲ. ನಾನು ಮಾಡದೆ ಬಿಟ್ಟದ್ದು ಇದೇ, ಅದಕ್ಕೆ ಹೇಳಿದೆ.

ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ತಾ. ಆ ಹೊತ್ತಿಗೆ ಮೊದಲ ಕೊಯ್ಲು ಶುರುವಾಗಿರುತ್ತದೆ. ಜಗಲಿಯ ಮೇಲೆ ನಿನಗೆ ಮೇಜು ಹಾಕಿಸುತ್ತೇನೆ, ಪ್ಲಗ್ ಪಾಯಿಂಟ್ ಅಲ್ಲೇ ಇದೆ. ನೀನು ನ್ಯಾನೋದಲ್ಲಿ ಬರೆಯುತ್ತಾ ಕೂರು. ನಾನು ಎದುರುಗಡೆ ಅಂಗಳದಲ್ಲಿ, ನಿನಗೆ ಕಾಣುವ ಹಾಗೆ, ಅಡಿಕೆ ಸುಲಿಯುತ್ತಾ ಕೂರುತ್ತೇನೆ.

ನಿನ್ನ
ದೊಡ್ಡಪ್ಪ